ಅತ್ತೆ ಕೇಳಬೇಕೆಂದ ದನಿ

ನಮ್ಮ ಅತ್ತೆ ಮನೆಯಲ್ಲಿ ಯಾರ ಹತ್ತಿರವೂ ಏನನ್ನೂ ಕೇಳಿದವರಲ್ಲ. ಹನುಮಸಾಗರದ ತವರಿನಿಂದ ನಾನು ಯಲಬುರ್ಗಿಯ ಆ ಮನೆಗೆ ಸೊಸೆಯಾಗಿ ಬಂದಾಗ ಅವರಿಗೆ ನಲವತ್ತು ದಾಟಿತ್ತು. ಮಾವನದು ಬಜಾರದಲ್ಲಿ ಬಟ್ಟೆ ಅಂಗಡಿ. ಅಂಗಡಿಗೆ ಎಂಥೆಂಥ ಬಣ್ಣದ ಸೀರೆ ಬಂದರೂ ಅತ್ತೆ ಒಂದನ್ನೂ ಬಿಚ್ಚಿ ನೋಡಿದ್ದನ್ನು ನಾನು ಕಾಣೆ. ಕೊಟ್ಟದ್ದನ್ನು ಉಡುತ್ತಿದ್ದರು, ಉಳಿದದ್ದನ್ನು ಉಣ್ಣುತ್ತಿದ್ದರು. ಅಂಥವರು ಒಂದು ಮಧ್ಯಾಹ್ನ, ಮಾವ ಊಟ ಮುಗಿಸಿ ಎದ್ದಾಗ, ಕೈ ತೊಳೆಯಲು ತಂಬಿಗೆ ಕೊಡುತ್ತ ಹೇಳಿದರು:

"ನಾ ಕೊಪ್ಪಳಕ್ಕ ಹಾಡು ಕೇಳಾಕ ಹೊಂಟೀನ್ರಿ."

ಮಾವ ತಂಬಿಗೆ ಹಿಡಿದುಕೊಂಡೇ ನಿಂತರು. ಒಳಗೆ ರೊಟ್ಟಿ ಬಡಿಯುತ್ತಿದ್ದ ನಾನೂ ಕೈ ನಿಲ್ಲಿಸಿದೆ.

ಇದಕ್ಕೆಲ್ಲ ಕಾರಣ ನಮ್ಮ ಓಣಿಯ ಅಡತಿ ಸಾವಕಾರರು ಗದಗಿನಿಂದ ತಂದಿದ್ದ ಗ್ರಾಮಫೋನು. ಎರಡನೆಯ ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಕಾಳುಕಡಿ ವ್ಯಾಪಾರಕ್ಕೆ ಹೋದವರು ಅದನ್ನು ಕೊಂಡು, ಒಡೆದೀತೆಂದು ಹಾಸಿಗೆಯೊಳಗೆ ಸುತ್ತಿ, ಗಾಡಿಯಲ್ಲಿ ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರಂತೆ. ಕೀಲಿ ಕೊಡುವುದು, ಸೂಜಿ ಬದಲಿಸುವುದು, ಪ್ಲೇಟು ಒರೆಸುವುದು ಎಲ್ಲ ಅವರೇ. ಹೆಂಡತಿ ಮಕ್ಕಳು ಕೂಡ ಮುಟ್ಟುವಂತಿರಲಿಲ್ಲ. ಸಂಜೆ ಅವರ ಪಡಸಾಲೆಯಲ್ಲಿ ಗಂಡಸರು ಕೂಡುತ್ತಿದ್ದರು. ನಾವು ಹೆಂಗಸರು ಹಿತ್ತಿಲ ಬಾಗಿಲಿನಿಂದ ಹೋಗಿ ಅಡುಗೆಮನೆಯಲ್ಲಿ ಕೂತು ಕೇಳುತ್ತಿದ್ದೆವು.

ಅವರಲ್ಲಿದ್ದ ಪ್ಲೇಟುಗಳಲ್ಲಿ ಒಂದು, ಎಲ್ಲರೂ ಬಾಯಿ ಎಂದು ಕರೆಯುತ್ತಿದ್ದ ಒಬ್ಬ ಹಾಡುಗಾರ್ತಿಯದು. ಹೊತ್ತು ಮುಳುಗಿದರೂ ಮನೆಗೆ ಬಾರದವನ ದಾರಿ ನೋಡುತ್ತ ಒಬ್ಬ ಹೆಂಗಸು ತಾನು ಹಚ್ಚಿದ ದೀಪದ ಜೊತೆ ಮಾತಾಡುವ ಪದ ಅದು. ಹೆಣ್ಣು ದನಿಯೇ, ಆದರೆ ಆಳದ್ದು, ಭಾರದ್ದು. ಒಂದೊಂದು ಮಾತನ್ನೂ ಕೆಳಗಿಡಲು ಮನಸ್ಸಿಲ್ಲದವಳಂತೆ ನಿಧಾನಕ್ಕೆ ಹಾಡುತ್ತಿದ್ದಳು. ಮೊದಲ ಸಲ ಅದನ್ನು ಕೇಳಿದ ದಿನ ಅತ್ತೆ ಸಾವಕಾರರ ಹೆಂಡತಿಯ ಜೊತೆ ಕೂತು ಅಕ್ಕಿ ಆರಿಸುತ್ತಿದ್ದರು. ಮೊರದಲ್ಲಿದ್ದ ಕೈ ಹಾಗೆಯೇ ನಿಂತಿತು. ಪದ ಮುಗಿದ ಮೇಲೆ, "ಇನ್ನೊಮ್ಮಿ ಹಚ್ಚಾಕ ಹೇಳ್ರಿ" ಅಂದರು.

ಅಂದಿನಿಂದ ಅತ್ತೆ ನಸುಕಿನಲ್ಲಿ ಬೀಸುವಾಗ ಹಳೆಯ ಬೀಸುವ ಪದಗಳನ್ನು ಬಿಟ್ಟು ಇದನ್ನೇ ಗುನುಗತೊಡಗಿದರು. ಕಲ್ಲಿನ ಸದ್ದಿನ ಕೆಳಗೆ, ಮಾವನಿಗೆ ಕೇಳದಷ್ಟು ಸಣ್ಣಗೆ. ಎದುರು ಕೂತು ಗೂಟ ಹಿಡಿದಿರುತ್ತಿದ್ದ ನನಗೆ ಮಾತ್ರ ಕೇಳುತ್ತಿತ್ತು.

ಅಷ್ಟರಲ್ಲಿ ಕೊಪ್ಪಳದಲ್ಲಿ ಒಂದು ನಾಟಕ ಕಂಪನಿ ಕ್ಯಾಂಪು ಹಾಕಿತು. ನಾಟಕವಿಲ್ಲದ ಒಂದು ಸಂಜೆ ತಮ್ಮ ಥೇಟರಿನಲ್ಲಿ ಆ ಬಾಯಿಯ ಗಾಯನ ಇಟ್ಟಿದ್ದಾರೆಂದು ಸಾವಕಾರರೇ ಸುದ್ದಿ ತಂದರು. ಅತ್ತೆ ಮರುದಿನ ಮಧ್ಯಾಹ್ನ ಮಾವನ ಕೈಗೆ ತಂಬಿಗೆ ಕೊಡುತ್ತ ಆ ಮಾತು ಹೇಳಿದರು.

"ಕಂಪನಿ ಥೇಟರಿಗೆ ಹೆಣ್ಣಮಕ್ಕಳು ಹೋಗ್ತಾರೇನು?" ಮಾವ ಕೇಳಿದರು. "ಮಂದಿ ಏನಂದಾರು? ಯಾರನ್ನ ಕೇಳಿ ಮಾಡಿದಿ ಈ ವಿಚಾರ?"

"ನಾ ಕೇಳಾಕ ಬಂದಿಲ್ಲರಿ," ಅತ್ತೆ ಮೆಲ್ಲಗೆ ಅಂದರು. "ಹೊಂಟೀನಿ ಅಂತ ಹೇಳಾಕ ಬಂದೀನಿ."

ದನಿ ಏರಿಸಲಿಲ್ಲ, ಅಳಲಿಲ್ಲ. ಮಾವ ಸಿಟ್ಟಿನಿಂದ ಅಂಗಡಿಗೆ ಹೋದರು. ಅತ್ತೆ ಬುತ್ತಿಗೆ ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿ ಮಾಡಲು ಕೂತರು. ಸಂಜೆ ಸಾವಕಾರರ ಹೆಂಡತಿ ಬಂದು ಒಂದು ಉಪಾಯ ಹೇಳಿಕೊಟ್ಟರು: "ಮಠದ ದರ್ಶನಕ್ಕ ಹೊಂಟೀನಿ ಅನ್ನ್ರಿ. ಯಾರೂ ಬ್ಯಾಡ ಅನ್ನಂಗಿಲ್ಲ."

"ಮಠಕ್ಕ ಹೊಂಟಿದ್ದರ ಮಠಕ್ಕ ಹೊಂಟೀನಿ ಅಂತಿದ್ದೆ," ಅಂದರು ಅತ್ತೆ. "ಹಾಡಿಗೆ ಹೊಂಟೀನಿ. ಹಾಡಿಗೆ ಅಂತನ ಹೇಳ್ತೀನಿ."

ಕೊನೆಗೆ ನಮ್ಮ ಮನೆಯವರು ನಡುವೆ ಬಂದರು. ತಾಯಿ ಹೀಗೆ ಹಟ ಹಿಡಿದದ್ದನ್ನು ಅವರೂ ಕಂಡಿರಲಿಲ್ಲ. ನಾನು ಜೊತೆಗೆ ಹೋಗುತ್ತೇನೆ, ನನ್ನ ಹೆಂಡತಿಯೂ ಬರುತ್ತಾಳೆ, ಕೊಪ್ಪಳದಲ್ಲಿ ಚಿಕ್ಕಮ್ಮನ ಮನೆ ಇದೆ, ಅಲ್ಲಿ ಉಳಿದು ಮರುದಿನ ಬರುತ್ತೇವೆ ಅಂದರು. ಮಾವ ಹ್ಞೂಂ ಅನ್ನಲಿಲ್ಲ, ಉಹುಂ ಅಂತಲೂ ಅನ್ನಲಿಲ್ಲ.

ಕುಕನೂರಿನ ಮೇಲೆ ಭಾನಾಪುರದವರೆಗೆ ಎತ್ತಿನ ಗಾಡಿ, ಅಲ್ಲಿಂದ ರೈಲು. ನಾನು ರೈಲು ಹತ್ತಿದ್ದು ಅದೇ ಮೊದಲು. ಎರೆ ಹೊಲಗಳು ಹಿಂದಕ್ಕೆ ಓಡುವುದನ್ನು ಕಿಟಕಿಯಲ್ಲಿ ನೋಡುತ್ತ ನಾನು ಹಾಡಿನ ಮಾತನ್ನೇ ಮರೆತಿದ್ದೆ. ಅತ್ತೆ ಮಾತ್ರ ಬುತ್ತಿಯ ಗಂಟನ್ನು ಮಡಿಲಲ್ಲಿ ಹಿಡಿದು ನೆಟ್ಟಗೆ ಕೂತಿದ್ದರು. ಹೊರಗೆ ಕಣ್ಣು ಹಾಯಿಸಲಿಲ್ಲ.

ಥೇಟರು ಅಂದರೆ ತಗಡಿನ ದೊಡ್ಡ ಚಪ್ಪರ. ಮುಂದೆ ಕುರ್ಚಿಗಳು, ಅವುಗಳ ಹಿಂದೆ ಬೆಂಚಿನಂಥ ಮರದ ಬಾಕುಗಳು, ಕೊನೆಗೆ ನೆಲ. ಹೆಂಗಸರಿಗೆ ಒಂದು ಮಗ್ಗುಲಲ್ಲಿ ಬಿದಿರಿನ ತಟ್ಟಿ ಕಟ್ಟಿ ಜಾಗ ಮಾಡಿದ್ದರು. ನಾವು ಸಂಜೆಯ ಬಿಸಿಲಿರುವಾಗಲೇ ಹೋಗಿ ತಟ್ಟಿಯ ಸಂದಿಗೆ ಅಂಟಿ ಕೂತೆವು. ದೀಪ ಹಚ್ಚುವ ಹೊತ್ತಿಗೆ ನಮ್ಮ ನೆತ್ತಿಯ ಮೇಲೆಯೇ ಒಂದು ಗ್ಯಾಸಬತ್ತಿ ತೂಗುಹಾಕಿದರು. ಅದರ ಬುಸ್ ಸದ್ದು ಒಂದು ಕಡೆ, ಕೂಸುಗಳ ಅಳು ಒಂದು ಕಡೆ. ಹಿಂದೆ ಕೂತಿದ್ದ ಇಬ್ಬರು ಒಂದು ಸಂಬಂಧದ ಮಾತು ಶುರುಮಾಡಿದವರು ಕೊನೆತನಕ ನಿಲ್ಲಿಸಲಿಲ್ಲ.

ಎಷ್ಟು ಹೊತ್ತಾದರೂ ಪರದೆ ಏಳಲಿಲ್ಲ. ಯಾರೋ ದೊಡ್ಡ ಮನುಷ್ಯರು ಬರಬೇಕಾಗಿತ್ತಂತೆ. ಅವರು ಬಂದು ಕುರ್ಚಿಯಲ್ಲಿ ಕೂತ ಮೇಲೆ ಪರದೆ ಎದ್ದಿತು. ತಟ್ಟಿಯ ಸಂದಿಯಲ್ಲಿ ನನಗೆ ಕಂಡದ್ದು ಹಸಿರು ಸೀರೆಯ ಒಂದು ತೋಳು, ತಂಬೂರಿಯ ತುದಿ, ಹಾರ್ಮೋನಿಯಂ ಪೇಟಿ ಬಾರಿಸುವವನ ರುಮಾಲು ಅಷ್ಟೇ.

ಬಾಯಿ ಹಾಡತೊಡಗಿದಳು. ದನಿ ಸೂಜಿಯ ಹಾಗೆ ಸಣ್ಣಗೆ, ಮೇಲಕ್ಕೆ ಹೋಯಿತು. ಪೇಟಿಯವನು ಆಕೆಯನ್ನು ಬೆನ್ನಟ್ಟಿದವನಂತೆ ಜೋರಾಗಿ ಬಾರಿಸುತ್ತಿದ್ದ. ತಗಡಿಗೆ ಬಡಿದು ಬಂದ ಸದ್ದಿನಲ್ಲಿ ಮಾತು ಯಾವುದು, ರಾಗ ಯಾವುದು ತಿಳಿಯುತ್ತಿರಲಿಲ್ಲ. ಮೊದಲನೆಯದು ಅರ್ಧಕ್ಕೆ ಬರುವ ಮೊದಲೇ ಹಿಂದಿನ ಮಂದಿ ನಾಟಕದ ಪದ ಹಾಡಲಿ ಅಂತ ಕೂಗಿದರು. ಆಕೆ ಅದನ್ನು ಬಿಟ್ಟು ನಾಟಕದ ಪದ ಹಾಡಿದಳು. ಸೀಟಿ ಹೊಡೆದರು, ಮತ್ತೊಂದು ಹಾಡಿದಳು. ಅತ್ತೆ ಕಾಯುತ್ತಿದ್ದರು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಇದು ಮುಗಿದರೆ ಅದು ಬರುತ್ತದೆ, ಇದು ಮುಗಿದರೆ ಅದು ಬರುತ್ತದೆ ಅನ್ನುವ ಹಾಗೆ ಕೂತಿದ್ದರು.

ಕೊನೆಗೆ ಬಂತು. ದೊಡ್ಡ ಮನುಷ್ಯರು ಎದ್ದು ಹೋಗಿ, ಅವರ ಹಿಂದೆ ಕುರ್ಚಿಯವರೂ ಏಳುತ್ತಿರುವಾಗ ಆಕೆ ಆ ಪದ ಎತ್ತಿಕೊಂಡಳು. ಮಾತು ಅದೇ. ಆದರೆ ಎಲ್ಲೋ ಹೊರಟವಳ ಹಾಗೆ ಲಗುಬಗೆಯಿಂದ, ಎತ್ತರದಲ್ಲಿ, ತೆಳ್ಳಗೆ. ದೀಪದ ಜೊತೆ ಮಾತಾಡುವ ಹೆಂಗಸು ಅಲ್ಲಿ ಇರಲೇ ಇಲ್ಲ. ನಾನು ಅತ್ತೆಯ ಮುಖ ನೋಡಿದೆ. ಅವರು ತಟ್ಟಿಯಿಂದ ಕಣ್ಣು ತೆಗೆದು ನೆಲ ನೋಡುತ್ತಿದ್ದರು.

"ಈಕಿ ಆಕಿ ಅಲ್ಲ," ಅಂದರು.

ಚಿಕ್ಕತ್ತೆಯ ಮನೆಗೆ ಬಂದೆವು. ಅತ್ತೆ ಉಣ್ಣಲಿಲ್ಲ. ನನಗೆ ಸಿಟ್ಟು ಬಂದಿತ್ತು. ಮಾವನ ಸಿಟ್ಟು ಹೊತ್ತುಕೊಂಡು, ಗಾಡಿಯಲ್ಲಿ ಮೈ ನೋಯಿಸಿಕೊಂಡು ಬಂದದ್ದು ಇದಕ್ಕಾ ಅನ್ನಿಸಿತು. ಊರಿಗೆ ಹೋದರೆ ಮಾವ ಏನೂ ಅನ್ನದೆ ಬರೀ ನೋಡುತ್ತಾರೆ, ಆ ನೋಟವೇ ಸಾಕು. ನಮ್ಮ ಮನೆಯವರು ತಾಯಿಯನ್ನು ಸಮಾಧಾನ ಮಾಡಿದರು: "ಹೋಗಲಿ ಬಿಡವ್ವಾ. ಹೆಸರ ಹೇಳಿ ಬ್ಯಾರೇದಾಕೀನ ಕೂಡ್ರಿಸಿರಬೇಕು. ಕಂಪನಿಯವರದು ಇದು ಇದ್ದದ್ದ. ನಾಳೆ ಮುಂಜಾನೆ ರೈಲಿಗೆ ಹೋಗೂನು."

"ಆಕೀನ ಕೇಳಿ ಹೋಗೂನು," ಅಂದರು ಅತ್ತೆ.

"ಏನಂತ ಕೇಳ್ತಿ?"

"ಪ್ಲೇಟಿನಾಗ ಹಾಡಿದಾಕಿ ಯಾರಂತ."

"ರೈಲು ತಪ್ಪತೈತಿ."

"ರೈಲು ನಾಡದೂ ಬರತೈತಿ, ತಮ್ಮಾ."

ಬೆಳಿಗ್ಗೆ ಮೂವರೂ ಹೊರಟೆವು. ಬಾಯಿಯನ್ನು ಸ್ಟೇಷನ್ನಿನ ಹತ್ತಿರದ ಒಂದು ಬಾಡಿಗೆ ಮನೆಯಲ್ಲಿ ಇಳಿಸಿದ್ದರು. ನಮ್ಮ ಮನೆಯವರು ಸಂಕೋಚದಿಂದ ಬೀದಿಯ ಆಚೆಯ ಬೇವಿನ ಮರದ ಕೆಳಗೆ ನಿಂತುಬಿಟ್ಟರು. ಕಟ್ಟೆಯ ಮೇಲೆ ಒಬ್ಬ ಮುದುಕ ತಬಲಾವನ್ನು ಬಿಸಿಲಿಗೆ ಕಾಯಿಸುತ್ತಿದ್ದ. "ಬಾಯಾರು ಮಲಗ್ಯಾರ. ಯಾರನ್ನೂ ನೋಡಂಗಿಲ್ಲ" ಅಂದ. ಅತ್ತೆ ಅಲ್ಲೇ ಮೆಟ್ಟಿಲ ಮೇಲೆ ಕೂತರು. ಆಗ ನನಗೂ ಎಲ್ಲಿಂದಲೋ ಧೈರ್ಯ ಬಂತು.

"ಯಲಬುರ್ಗಿಯಿಂದ ಬಂದೀವ್ರಿ," ಅಂದೆ. "ಅವರು ಏಳೂತನ ಕೂಡ್ರತೀವಿ. ನಿಮಗೇನು ತ್ರಾಸಿಲ್ಲಲ್ಲ?"

ಅವನು ಮತ್ತೆ ತಬಲಾದ ಕಡೆ ತಿರುಗಿದ. ಬಿಸಿಲು ಮೆಟ್ಟಿಲಿಗೆ ಬಂತು. ನಾವು ನೆರಳಿದ್ದ ಕಡೆಗೆ ಸರಿದು ಕೂತೆವು. ಬಹಳ ಹೊತ್ತಿನ ಮೇಲೆ ಒಳಗಿನಿಂದ ಆಕೆಯೇ ಬಂದಳು. ತಲೆಗೆ ಎಣ್ಣೆ ಹಚ್ಚಿಕೊಂಡು, ಮಾಸಿದ ಸೀರೆ ಉಟ್ಟು, ದಪ್ಪಗೆ ಗಿಡ್ಡಗೆ ಇದ್ದ ಹೆಂಗಸು. ಅತ್ತೆಗಿಂತ ನಾಲ್ಕಾರು ವರ್ಷ ಹಿರಿಯಳಿರಬೇಕು. ಕಣ್ಣಲ್ಲಿ ನಿದ್ದೆ ತುಂಬಿತ್ತು.

"ಏನು ಬೇಕಾಗಿತ್ತು ಅಕ್ಕಾರ?"

ಅತ್ತೆ ಎದ್ದು ನಿಂತರು. "ತಪ್ಪು ತಿಳೀಬ್ಯಾಡ್ರಿ ಬಾಯಾರ. ನಮ್ಮೂರಾಗ ನಿಮ್ಮ ಪ್ಲೇಟ್ ಐತಿ. ಅದನ್ನ ಕೇಳಿ ಇಲ್ಲೀತನ ಬಂದೀನಿ. ಆದರ ನಿನ್ನೆ ಹಾಡಿದ ದನಿ ಆ ಪ್ಲೇಟಿನ ದನಿ ಅಲ್ಲ. ಅದು ಯಾರದೈತಿ ಅಷ್ಟು ಹೇಳ್ರಿ, ನಾ ಹೋಗ್ತೀನಿ."

ಬಾಯಿ ಬೈಯುತ್ತಾಳೆ ಅಂದುಕೊಂಡೆ. ಆಕೆ ಬೈಯಲಿಲ್ಲ. ಹೊಸ್ತಿಲ ಮೇಲೆ ಕೂತು, "ಪ್ಲೇಟಿನ ದನಿ ಹೆಂಗೈತಿ?" ಅಂತ ಕೇಳಿದಳು.

"ಹೆಂಗ ಹೇಳಲಿ?"

"ಹೇಳಬ್ಯಾಡ್ರಿ. ಹಾಡಿ ತೋರಿಸ್ರಿ."

ಅತ್ತೆ ನನ್ನ ಕಡೆ ನೋಡಿದರು. ಬೀಸುವ ಕಲ್ಲಿನ ಸದ್ದಿಲ್ಲದೆ ಅವರು ಎಂದೂ ಹಾಡಿದವರಲ್ಲ. ಬೀದಿಯಲ್ಲಿ ನೀರು ತರುವವರು ಓಡಾಡುತ್ತಿದ್ದರು, ಮುದುಕ ಕೈಯ ಕೆಲಸ ಬಿಟ್ಟು ನೋಡುತ್ತಿದ್ದ, ಆಚೆ ಮಗ ನಿಂತಿದ್ದ. ಅತ್ತೆ ಸೆರಗು ಬಿಗಿಮಾಡಿಕೊಂಡು ಕಣ್ಣು ಮುಚ್ಚಿ ಆ ಪದ ಹಾಡಿದರು. ನಿಧಾನಕ್ಕೆ, ಆಳದಲ್ಲಿ, ನಾವು ಸಾವಕಾರರ ಅಡುಗೆಮನೆಯಲ್ಲಿ ಕೇಳಿದ ಹಾಗೆಯೇ. ಎರಡನೆಯ ಸಾಲಿನ ನಡುವೆ ಉಸಿರು ಕಟ್ಟಿತು. ನಿಂತು, ಉಗುಳು ನುಂಗಿ, ಮತ್ತೆ ಅಲ್ಲಿಂದಲೇ ಎತ್ತಿಕೊಂಡು ಮುಗಿಸಿದರು.

ಬಾಯಿ ನನ್ನನ್ನು ಕೇಳಿದಳು: "ನಿನಗ ಓದಾಕ ಬರತೈತೇನವಾ?"

"ಬರತೈತ್ರಿ."

"ಪ್ಲೇಟ್ ತಿರುಗುವಾಗ ಅದರ ನಡುವಿನ ಅಕ್ಷರ ಓದಾಕ ಸಿಗತಾವೇನು?"

ಒಮ್ಮೆ ಪಡಸಾಲೆಯಲ್ಲಿ ಸಾವಕಾರರ ಹೊರತು ಬೇರೆ ಗಂಡಸರಿಲ್ಲದಾಗ ನಾನು ಹತ್ತಿರ ನಿಂತು ನೋಡಿದ್ದೆ. "ಸಿಗತಾವ್ರಿ. ಒಂದೊಂದಾಗಿ ಓದಬಹುದು."

ಆಕೆ ನಕ್ಕಳು. "ಹಂಗಾರ ನಿಮ್ಮ ಪೆಟ್ಟಿಗಿ ತಿರುಗಬೇಕಾದಷ್ಟು ತಿರುಗವಲ್ದು, ಅಕ್ಕಾರ. ಬಾಜೂಕ ಒಂದು ತಿರುಪು ಇರತೈತಿ. ಅದನ್ನ ಯಾರೋ ಇಳಿಸ್ಯಾರ. ಪ್ಲೇಟ್ ನಿಧಾನ ತಿರುಗಿದರ ಹಾಡೂ ನಿಧಾನ ಆಗತೈತಿ, ದನೀನೂ ಕೆಳಗ ಇಳೀತೈತಿ. ಪ್ಲೇಟಿನಾಗ ಇದ್ದಾಕಿ ನಾನ. ಆದರ ನೀವು ಕೇಳಿದ ದನಿ ನಂದಲ್ಲ."

"ಮತ್ಯಾರದು?"

"ಯಾರದೂ ಅಲ್ಲ."

ಅತ್ತೆಗೆ ಇದು ಒಳಗಿಳಿಯಲು ಹೊತ್ತು ಹಿಡಿಯಿತು. ನಿನ್ನೆ ರಾತ್ರಿಗಿಂತ ಈಗ ಅವರ ಮುಖ ಹೆಚ್ಚು ಬಾಡಿತು. ರಾತ್ರಿ ಎಲ್ಲೋ ಒಬ್ಬಳು ಇದ್ದಾಳೆ, ಹುಡುಕಿದರೆ ಸಿಗುತ್ತಾಳೆ ಅನ್ನುವ ಆಸೆಯಾದರೂ ಇತ್ತು.

"ನಿನ್ನೆ ಹಾಡಿದ್ದು ನನಗೂ ಹಾಡು ಅನ್ನಿಸಲಿಲ್ಲ," ಬಾಯಿ ಹೇಳಿದಳು. "ಇಡೀ ದಿನ ರೈಲಿನಾಗ ಕೂತು ಬಂದು, ಹಂಗ ಎದ್ದು ಥೇಟರಿಗೆ ಹೋದೆ. ಮಂದಿ ಏಳಾಕತ್ತಿದ್ದರು, ಲಗು ಮುಗಿಸ್ರಿ ಅಂದರು. ನಿಮ್ಮ ಪದ ನಿಮಗ ಮುಟ್ಟಿಸಾಕ ಆಗಲಿಲ್ಲ." ಆಮೇಲೆ ಅತ್ತೆ ಹಾಡಿದ ಆಳದಲ್ಲೇ ತಾನು ಹಾಡಲು ನೋಡಿದಳು. ದನಿ ಅಷ್ಟು ಕೆಳಗೆ ಇಳಿಯಲಿಲ್ಲ, ಗಂಟಲಲ್ಲಿ ಗೊರಗೊರ ಅಂತು. "ನನಗ ಎಟಕವಲ್ದು," ಅಂದಳು. "ನಿಮಗ ಎಟಕತೈತಿ. ಆದರ ಎರಡನೇ ಸಾಲಿನ್ಯಾಗ ಸಿಕ್ಕೊಂಡಿರಿ ನೋಡ್ರಿ. ಪೆಟ್ಟಿಗಿಗೆ ಉಸುರು ಬೇಕಾಗಿಲ್ಲ, ಎಷ್ಟು ಬೇಕಾದಷ್ಟು ಎಳೀತೈತಿ. ನಿಮಗ ಬೇಕು. ದೀಪ ಅಂದ ಮ್ಯಾಲೆ ಅಲ್ಲೇ ಬಿಡ್ರಿ, ಉಸುರು ತುಂಬಿಕೊಳ್ರಿ, ಆಮ್ಯಾಲೆ ಮುಂದ ನಡೀರಿ."

ಹಾಗೆ ಅಂದು, ಹೊಟ್ಟೆಯ ಮೇಲೆ ಕೈ ಇಟ್ಟು ಉಸಿರು ಹೇಗೆ ತುಂಬಬೇಕೆಂದು ತೋರಿಸಿದಳು. ಅತ್ತೆ ತಮ್ಮ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮಾಡಿದರು. ಬಾಯಿ ತಲೆ ಅಲ್ಲಾಡಿಸಿ ಮತ್ತೆ ತೋರಿಸಿದಳು. ಆ ಸಾಲನ್ನು ಅವರಿಬ್ಬರೂ ಎಷ್ಟು ಸಲ ತಿರುಗಿಸಿ ಮುರುಗಿಸಿ ಹಾಡಿದರೋ ಗೊತ್ತಿಲ್ಲ. ಸರಿಯಾಗಿ ಒಮ್ಮೆಯೂ ಬರಲಿಲ್ಲ. ಒಳಗಿನಿಂದ ಯಾರೋ ಊಟಕ್ಕೆ ಕರೆದಾಗ ಬಾಯಿ ಎದ್ದಳು. ಅತ್ತೆ ಉಳಿದಿದ್ದ ಸಜ್ಜೆಯ ರೊಟ್ಟಿಗಳನ್ನು ಆಕೆಯ ಕೈಗೆ ಕೊಟ್ಟರು. ಆಕೆ ಈಸಿಕೊಂಡು ಕಣ್ಣಿಗೊತ್ತಿಕೊಂಡಳು.

ಮಧ್ಯಾಹ್ನದ ರೈಲಿನಲ್ಲಿ ಅತ್ತೆ ಮೊದಲಿನಂತೆಯೇ ನೆಟ್ಟಗೆ ಕೂತಿದ್ದರು. ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಭಾನಾಪುರ ಹತ್ತಿರ ಬಂದಾಗ ಅವರೇ ಅಂದರು:

"ಆ ದನಿ ಯಾರ ಕಡೇನೂ ಇಲ್ಲ ಅಂದಮ್ಯಾಲೆ ನಾನ ಹಾಡಬೇಕಾತು."

ಊರಿಗೆ ಬಂದ ಕೂಡಲೇ ಅಡತಿ ಸಾವಕಾರರಿಗೆ ತಿರುಪಿನ ವಿಷಯ ಹೇಳಿ ಕಳಿಸಿದೆವು. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ನಾನ ಇಳಿಸೀನಿ," ಅಂದರಂತೆ. "ಲಗು ತಿರುಗಿದರ ಪ್ಲೇಟ್ ಲಗು ಸವೀತಾವ." ಹೆಂಡತಿಯ ಒತ್ತಾಯಕ್ಕೆ ಒಂದು ಸಂಜೆ ತಿರುಪು ಏರಿಸಿ ಹಚ್ಚಿದರು. ಕೊಪ್ಪಳದಲ್ಲಿ ಕೇಳಿದ ದನಿಯೇ ಬಂತು, ಆದರೆ ಗದ್ದಲವಿಲ್ಲದೆ, ಬೆಳ್ಳಿಯ ಎಳೆಯ ಹಾಗೆ. ಬಾಯಿ ಎಂಥ ಹಾಡುಗಾರ್ತಿ ಎಂದು ಆಗ ನನಗೆ ತಿಳಿಯಿತು. ಅತ್ತೆ ಕೊನೆತನಕ ಕೇಳಿದರು. "ಛಲೋ ಐತಿ," ಅಂದರು. "ಆದರ ನನ್ನ ಪದ ಬ್ಯಾರೆ." ಸಾವಕಾರರು ಮರುದಿನ ತಿರುಪನ್ನು ಮತ್ತೆ ಇಳಿಸಿದರು.

ಅಂದಿನಿಂದ ಸಂಜೆ ದೀಪ ಹಚ್ಚಿ, ಒಲೆ ಹೊತ್ತಿಸುವ ಮುಂಚೆ, ಅತ್ತೆ ನಡುಮನೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತು ಹಾಡತೊಡಗಿದರು. ಗುನುಗುವುದಲ್ಲ, ಬಾಯಿಬಿಟ್ಟು. ಮೊದಮೊದಲು ಕೇಳುವುದು ಕಷ್ಟವಾಗಿತ್ತು. ಎರಡನೆಯ ಸಾಲಿಗೆ ಬಂದು ತಡವರಿಸುತ್ತಿದ್ದರು, ಹೊಟ್ಟೆಯ ಮೇಲೆ ಕೈ ಇಟ್ಟು ಉಸಿರು ತುಂಬುತ್ತಿದ್ದರು, ಮತ್ತೆ ತಡವರಿಸುತ್ತಿದ್ದರು. ಮಾವ ಅಂಗಡಿಯಿಂದ ಬಂದವರು ಹೊರಗೆ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು. ಒಂದು ದಿನ ಬಾಗಿಲಲ್ಲಿ ನಿಂತು, "ಬಜಾರದಾಗ ನಗಾಕತ್ಯಾರ. ಬಾಗಲಾರ ಹಾಕ್ಕೊಂಡು ಹಾಡು" ಅಂದರು.

"ಬಾಗಲಾ ಹಾಕಿದರ ಉಸುರು ಸಾಲಂಗಿಲ್ಲರಿ," ಅಂದರು ಅತ್ತೆ, ಮತ್ತೆ ಮೊದಲಿನಿಂದ ಎತ್ತಿಕೊಂಡರು.

ನಾನೂ ಅವರ ಪಕ್ಕ ಕೂತು ಕಲಿಯಲು ನೋಡಿದೆ. ನನ್ನದು ಹಾಡುವ ಕೊರಳಲ್ಲ. ಆದರೆ ಅವರು ಎಲ್ಲಿ ತಪ್ಪುತ್ತಾರೆಂದು ನನಗೆ ತಿಳಿಯುತ್ತಿತ್ತು. ಅವರೇ ನನ್ನನ್ನು ಕೇಳುತ್ತಿದ್ದರು: "ಈಗ ಹೆಂಗಾತು?" ಸುಳ್ಳು ಹೇಳಿದರೆ ಅವರಿಗೆ ಗೊತ್ತಾಗುತ್ತಿತ್ತು. "ಇನ್ನಾ ಬಂದಿಲ್ಲರಿ ಅತ್ತಿ" ಅನ್ನುತ್ತಿದ್ದೆ. ಮನೆಯಲ್ಲಿ ಸೊಸೆ ಅತ್ತೆಗೆ ತಪ್ಪು ತೋರಿಸುವ ಕೆಲಸ ಅದೊಂದೇ ಇತ್ತು. ಅವರು ಅದನ್ನು ಎಂದೂ ಬೇಸರ ಮಾಡಿಕೊಳ್ಳಲಿಲ್ಲ.

ಬೇಸಿಗೆ ಕಳೆದು ಮಳೆ ಹಿಡಿದ ಮೇಲೆ ಒಂದು ಸಂಜೆ ಆ ಸಾಲು ಕೂಡಿ ಬಂತು. ದೀಪ ಅಂದ ಮೇಲೆ ಬಿಟ್ಟ ಉಸಿರು ಕಾಣಲೇ ಇಲ್ಲ. ಕಾಯುವವಳು ಒಂದು ಗಳಿಗೆ ದಾರಿಯ ಕಡೆ ಕಿವಿಗೊಟ್ಟು ಮತ್ತೆ ಮಾತಾಡಿದ ಹಾಗಿತ್ತು. ಪ್ಲೇಟಿನಲ್ಲಿ ಅದು ಇರಲಿಲ್ಲ. ಅಂದು ಅವರು ಹೆಂಗಾತು ಅಂತ ಕೇಳಲಿಲ್ಲ. ಎದ್ದು ಒಲೆ ಹೊತ್ತಿಸಿದರು. ಹೊರಗೆ ಕಟ್ಟೆಯ ಮೇಲೆ ಮಾವ ಯಾರನ್ನೋ, "ಸುಮ್ಮ ಕೂಡ್ರೋ, ಆಮ್ಯಾಲೆ ಮಾತಾಡೂನು" ಅಂತ ಗದರಿದ್ದು ಮಾತ್ರ ನನಗೆ ಕೇಳಿಸಿತ್ತು.

ಆಮೇಲೆ ಓಣಿಯ ಹೆಂಗಸರು ಬರತೊಡಗಿದರು. ಸೋಮವಾರ ಸಂಜೆ ನಡುಮನೆ ತುಂಬುತ್ತಿತ್ತು. ಅತ್ತೆ ಅವರಿಂದ ಅವರವರ ತವರಿನ ಪದಗಳನ್ನು ಕೇಳಿ ಕಲಿತರು, ಎಲ್ಲವನ್ನೂ ತಮ್ಮ ನಿಧಾನಕ್ಕೆ ತಂದುಕೊಂಡರು. ಬಜಾರದವರು ಎಂದಿನಿಂದ ನಗುವುದನ್ನು ಬಿಟ್ಟರೋ ನೆನಪಿಲ್ಲ.

ಯುದ್ಧ ನಡೆದಿದ್ದ ಕಾಲಕ್ಕೆ ಗಂಗಾವತಿಯಲ್ಲಿ ಮತ್ತೊಬ್ಬರ ಗಾಯನ ಇದೆ ಎಂದು ಸುದ್ದಿ ಬಂತು. ಅವರದು ಒಂದು ಪ್ಲೇಟನ್ನೂ ನಾವು ಕೇಳಿರಲಿಲ್ಲ. ಮಾವ ಊಟಕ್ಕೆ ಕೂತಿದ್ದಾಗ ಅತ್ತೆ ಹೊರಡುವ ಮಾತು ಎತ್ತಿದರು. ಮಾವ ರೊಟ್ಟಿ ಮುರಿಯುತ್ತ ಕೇಳಿದರು, "ಅಷ್ಟು ದೂರ ಹೋಗಿ ಅದೂ ಕೊಪ್ಪಳದಂಗ ಆದರ?"

"ಆದರ ಆಗಲಿ ಬಿಡ್ರಿ," ಅತ್ತೆ ಅವರ ತಾಟಿಗೆ ಪಲ್ಯ ಬಡಿಸಿದರು. "ಹೋಗಿ ಕೇಳಲಾರದ ಹೆಂಗ ಗೊತ್ತಾಗಬೇಕು?"

ಮಾವ ಉಂಡು ಮುಗಿಸಿ, ಗಾಡಿಗೆ ಎಣ್ಣೆ ಹಾಕಲು ಆಳಿಗೆ ಹೇಳಿ ಅಂಗಡಿಗೆ ಹೋದರು.